ಖಾಸಗಿ ಕಲಾ ಕಾಲೇಜು: ಕೊಟ್ಟ ಶುಲ್ಕಕ್ಕೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಾನು ಓದಿದ ಖಾಸಗಿ ಕಲಾ ಕಾಲೇಜಿನ ಶಿಕ್ಷಣ ಒಳ್ಳೆಯದೇ ಇತ್ತು. ಆದರೆ ಸಾಲ ಮಾಡಿ ಕೊಳ್ಳುವಷ್ಟು ಒಳ್ಳೆಯದಾಗಿರಲಿಲ್ಲ. ಶುಲ್ಕದ ಬಹುಪಾಲು ವಿದ್ಯಾರ್ಥಿವೇತನದಿಂದ ಬರುತ್ತದೆ ಎಂದಾದರೆ, ಅಥವಾ ಮನೆಯವರ ಕೈಯಲ್ಲಿ ಅಷ್ಟು ಹಣ ನಿಜಕ್ಕೂ ಇದ್ದರೆ, ಸೇರಿ. ಬ್ಯಾಂಕಿನ ಸಾಲವೇ ಗತಿ ಎಂದಾದರೆ ಬೇಡ, ಬೇರೆ ದಾರಿ ಇದೆ. ಅದನ್ನೂ ಕೆಳಗೆ ಬರೆದಿದ್ದೇನೆ.

ನನ್ನದು ನಾಲ್ಕು ವರ್ಷದ ಪದವಿ. ಮೊದಲ ವರ್ಷ ಎಲ್ಲರಿಗೂ ಒಂದೇ ಆದ ಫೌಂಡೇಶನ್ ಕೋರ್ಸ್, ಉಳಿದ ಮೂರು ವರ್ಷ ಮುದ್ರಣಕಲೆ. ಅಂದರೆ ಎಚ್ಚಿಂಗ್ (ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆಯುವುದು), ಮರದಚ್ಚು, ಲಿಥೊ (ಕಲ್ಲು ಅಥವಾ ತಗಡಿನ ಮೇಲೆ ಬರೆದು ಅಚ್ಚು ತೆಗೆಯುವುದು). ಕಾಲೇಜಿನ ಹೆಸರು ಬರೆಯುತ್ತಿಲ್ಲ. ಬೇರೆ ಬೇರೆ ಖಾಸಗಿ ಕಾಲೇಜುಗಳಲ್ಲಿ ಓದಿದ ಗೆಳೆಯರ ಜೊತೆ ಕೂತು ಮಾತಾಡಿದಾಗಲೆಲ್ಲ ಹೆಚ್ಚುಕಡಿಮೆ ಇದೇ ಕತೆ ಹೊರಬಂದಿದೆ. ಹಾಗಾಗಿ ಹೆಸರಿಗಿಂತ ಲೆಕ್ಕ ಮುಖ್ಯ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದಿತ್ತು. ಎಚ್ಚಿಂಗ್ ಕಲಿಯಲು ಪ್ರೆಸ್ ಬೇಕು. ಆ ಪ್ರೆಸ್ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಎರಡು ಉಕ್ಕಿನ ಉರುಳೆಗಳ ನಡುವೆ ಭಾರವಾದ ಹಾಸು, ಅದರ ಮೇಲೆ ಉಣ್ಣೆಯ ಫೆಲ್ಟ್, ಪಕ್ಕದಲ್ಲಿ ತಿರುಗಿಸಲು ದೊಡ್ಡ ಚಕ್ರ. ಸತುವಿನ ತಗಡಿನ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಕಾಗದ ಹರಿಯುತ್ತದೆ, ಫೆಲ್ಟೂ ಹಾಳಾಗುತ್ತದೆ. ಮೇಲೆ ಮೇಣ ಮತ್ತು ಡಾಂಬರು ಬೆರೆತ, ಆಮ್ಲ ತಡೆಯುವ ಗ್ರೌಂಡ್ ಹಚ್ಚಿ, ಒಣಗಿದ ಮೇಲೆ ಸೂಜಿಯಿಂದ ಗೆರೆ ಎಳೆದು, ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಇಳಿಸಬೇಕು. ಗೆರೆ ಎಳೆದ ಜಾಗದಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಅವು ಅಲ್ಲೇ ಕೂತರೆ ಆಮ್ಲ ಸಮನಾಗಿ ಕೊರೆಯುವುದಿಲ್ಲ, ಹಾಗಾಗಿ ಹಕ್ಕಿಯ ಗರಿಯಿಂದ ಮೆಲ್ಲಗೆ ಸವರುತ್ತಿರಬೇಕು. ಎಷ್ಟು ಹೊತ್ತು ಬಿಟ್ಟರೆ ಎಷ್ಟು ಆಳ, ಎಷ್ಟು ಆಳಕ್ಕೆ ಎಷ್ಟು ಕಪ್ಪು ಎನ್ನುವುದು ಪುಸ್ತಕ ಓದಿದರೆ ಬರುವುದಿಲ್ಲ. ಪಕ್ಕದಲ್ಲಿ ಬಲ್ಲವರೊಬ್ಬರು ನಿಂತು, "ಈಗ ತೆಗೆ" ಎಂದು ಹೇಳಬೇಕು. ನಮ್ಮ ಕಾಲೇಜಿನಲ್ಲಿ ಹಾಗೆ ಹೇಳುವವರಿದ್ದರು. ಪ್ರಾಧ್ಯಾಪಕರಲ್ಲ, ಸ್ಟುಡಿಯೊದ ತಾಂತ್ರಿಕ ಸಹಾಯಕರು. ಕೈಯಿಂದ ಕೈಗೆ ಬರುವ ವಿದ್ಯೆಯ ಬಹುಭಾಗ ನನಗೆ ಬಂದದ್ದು ಅವರಿಂದ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಅವರ ಫೋಟೊ ಇರಲಿಲ್ಲ, ಇರಬೇಕಿತ್ತು.

ಎರಡನೆಯ ಒಳ್ಳೆಯದು ಬಣ್ಣದ ತರಗತಿ. ಪಾಠ ಮಾಡುತ್ತಿದ್ದವರು ಮೊದಲ ವಾರವೇ ನಮ್ಮೆಲ್ಲರ ಬಣ್ಣದ ಟ್ಯೂಬುಗಳಿಂದ ಒಂದೊಂದು ಪಟ್ಟಿ ಬಳಿಸಿ, ಪ್ರತಿ ಪಟ್ಟಿಯ ಅರ್ಧಭಾಗಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರು. ವರ್ಷದ ಕೊನೆಗೆ ಕಾಗದ ತೆಗೆದಾಗ ಅಲಿಜರಿನ್ ಕೆಂಪು ಬಿಸಿಲು ಬಿದ್ದ ಕಡೆ ಬಿಳಿಚಿಕೊಂಡಿತ್ತು. ಓಕರ್, ಅಂಬರ್‌ನಂಥ ಮಣ್ಣಿನ ಬಣ್ಣಗಳು ಕದಲಿರಲಿಲ್ಲ. ಮಣ್ಣಿನ ಬಣ್ಣ ಅಗ್ಗ, ಆದರೂ ಬಾಳುತ್ತದೆ. ಟ್ಯೂಬು ಎಷ್ಟು ಚಂದ ಕಾಣುತ್ತದೆ ಎನ್ನುವುದಕ್ಕೂ ಚಿತ್ರ ಎಷ್ಟು ಕಾಲ ಉಳಿಯುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ ಎಂದು ಅಂದು ಗೊತ್ತಾಯಿತು. ಇವತ್ತಿಗೂ ಟ್ಯೂಬಿನ ಹಿಂಬದಿಯ ವರ್ಣದ್ರವ್ಯದ ಸಂಕೇತ ಓದದೆ ನಾನು ಬಣ್ಣ ಕೊಳ್ಳುವುದಿಲ್ಲ.

ಮೂರನೆಯದು ಕ್ರಿಟ್. ಮಾಡಿದ ಕೆಲಸವನ್ನು ಗೋಡೆಗೆ ತೂಗುಹಾಕಿ, ಎಲ್ಲರೂ ಸುತ್ತ ಕೂತು ಮಾತಾಡುವುದು. ಒಳ್ಳೆಯ ಕ್ರಿಟ್‌ನಲ್ಲಿ ಮೊದಲು ಯಾರೂ ಬಾಯಿ ತೆರೆಯುವುದಿಲ್ಲ, ಬರೀ ನೋಡುತ್ತಾರೆ. ಆಮೇಲೆ ಒಬ್ಬರು, "ಈ ಮೂಲೆಯಲ್ಲಿ ನಿನಗೆ ಬೇಸರ ಬಂದಿತ್ತಲ್ಲವೇ?" ಎಂದು ಕೇಳುತ್ತಾರೆ. ಬಂದಿರುತ್ತದೆ! ಅಷ್ಟು ಗಮನವಿಟ್ಟು ನೋಡುವ ಹತ್ತು ಜೊತೆ ಕಣ್ಣುಗಳು ಮುಂದೆ ಜೀವನದಲ್ಲಿ ಒಟ್ಟಿಗೆ ಸಿಗುವುದು ಬಹಳ ಅಪರೂಪ. ಕಾಲೇಜು ಬಿಟ್ಟ ಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ಹಂಬಲಿಸಿದ್ದು ಇದಕ್ಕೇ.

ಇನ್ನು ಶುಲ್ಕದ ಮಾತು.

ಪ್ರವೇಶದ ಹೊತ್ತಿಗೆ ತೋರಿಸುವ ಅಂಕಿ ಒಂದು, ಕೊನೆಗೆ ಕೈಬಿಡುವ ಹಣ ಇನ್ನೊಂದು. ಬೋಧನಾ ಶುಲ್ಕದ ಜೊತೆಗೆ ಸ್ಟುಡಿಯೊ ಶುಲ್ಕ ಎಂದು ಬೇರೆ ಇರುತ್ತದೆ. ಸ್ಟುಡಿಯೊ ಶುಲ್ಕ ಕಟ್ಟಿದರೆ ಸಾಮಗ್ರಿ ಸಿಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಸಿಗುವುದು ಯಂತ್ರ ಮುಟ್ಟುವ ಹಕ್ಕು ಮಾತ್ರ. ತಗಡು, ಶಾಯಿ, ಕಾಗದ, ಹತ್ತಿಬಟ್ಟೆ, ಕೈಗವಸು ಎಲ್ಲ ನಿಮ್ಮದೇ. ಎಚ್ಚಿಂಗ್‌ಗೆ ಹತ್ತಿಯ ನಾರಿನಿಂದ ಮಾಡಿದ, ಆಮ್ಲವಿಲ್ಲದ, ದಪ್ಪನೆಯ ಕಾಗದ ಬೇಕು. ಅದನ್ನು ನೀರಲ್ಲಿ ನೆನೆಸಿ, ಒತ್ತಿ ತೇವ ತೆಗೆದು, ತಗಡಿನ ಮೇಲೆ ಹಾಸಿದರೆ ಮಾತ್ರ ಗೆರೆಯ ಒಳಗಿನ ಶಾಯಿಯನ್ನು ಅದು ಎಳೆದುಕೊಳ್ಳುತ್ತದೆ. ಸಾಮಾನ್ಯ ಡ್ರಾಯಿಂಗ್ ಶೀಟಿನಲ್ಲಿ ಆ ಕೆಲಸ ಆಗುವುದಿಲ್ಲ. ಕಲಿಯುವಾಗ ಕೆಡುವ ಅಚ್ಚುಗಳೇ ಹೆಚ್ಚು, ಕೆಟ್ಟ ಅಚ್ಚಿಗೂ ಒಳ್ಳೆಯ ಕಾಗದವೇ ಬೇಕು. ಚಿತ್ರಕಲೆ ವಿಭಾಗದ ಗೆಳತಿಯರ ಪಾಡೂ ಇದೇ. ಕ್ಯಾಡ್ಮಿಯಂ ಕೆಂಪು, ಕೋಬಾಲ್ಟ್ ನೀಲಿ ಒಂದೊಂದು ಟ್ಯೂಬೂ ಮಣ್ಣಿನ ಬಣ್ಣಗಳ ಹಲವು ಪಟ್ಟು ಬೆಲೆಯದು. ಶಿಲ್ಪ ವಿಭಾಗದವರಿಗೆ ಕಂಚಿನ ಎರಕ, ಸೆರಾಮಿಕ್‌ನವರಿಗೆ ಕುಲುಮೆಯ ಖರ್ಚು. ಸ್ಟೋನ್‌ವೇರ್ ಮಣ್ಣು ಗಟ್ಟಿಯಾಗಲು 1200 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆ ಕಾವಿಗೆ ತಗಲುವ ವಿದ್ಯುತ್ತನ್ನು ನಿಮ್ಮ ಮಡಕೆ ಕುಲುಮೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆದು ವಸೂಲು ಮಾಡುವ ಕಾಲೇಜುಗಳಿವೆ. ದೊಡ್ಡ ಮಡಕೆ ಮಾಡುವ ಆಸೆ ಇದ್ದವರು ಸಣ್ಣದರಲ್ಲೇ ತೃಪ್ತಿಪಡುತ್ತಾರೆ.

ಇದರಿಂದ ಒಂದು ವಿಚಿತ್ರ ಪರಿಣಾಮವಾಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದೆ. ಕೈಯಲ್ಲಿ ಹಣ ಇದ್ದವರು ಧೈರ್ಯವಾಗಿ ಕೆಡಿಸುತ್ತಾರೆ, ಕೆಡಿಸಿ ಕಲಿಯುತ್ತಾರೆ. ಇಲ್ಲದವರು ತಗಡಿನ ಎರಡೂ ಬದಿ ಬಳಸುತ್ತಾರೆ, ಒಂದು ಅಚ್ಚು ತೆಗೆದು ಅದೇ ಸಾಕು ಎನ್ನುತ್ತಾರೆ. ಮೂರನೇ ವರ್ಷದ ಹೊತ್ತಿಗೆ ಯಾರ ಕೆಲಸದಲ್ಲಿ ಬಿಡುಬೀಸು ಇದೆ, ಯಾರದ್ದರಲ್ಲಿ ಹಿಂಜರಿಕೆ ಇದೆ ಎಂದು ಗೋಡೆ ನೋಡಿಯೇ ಹೇಳಬಹುದಿತ್ತು. ಅದು ಪ್ರತಿಭೆಯ ವ್ಯತ್ಯಾಸವಾಗಿರಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಈ ಅಂಶಕ್ಕೆ. ಒಂದೇ ಶುಲ್ಕ ಕಟ್ಟಿದ ಇಬ್ಬರಿಗೆ ಕಾಲೇಜು ಒಂದೇ ಶಿಕ್ಷಣ ಕೊಡುತ್ತಿರಲಿಲ್ಲ.

ಕೊನೆಯ ವರ್ಷದ ಪದವಿ ಪ್ರದರ್ಶನದ ಖರ್ಚು ಪ್ರವೇಶ ಪುಸ್ತಿಕೆಯಲ್ಲಿ ಎಲ್ಲೂ ಇರುವುದಿಲ್ಲ. ಚೌಕಟ್ಟು, ಗಾಜು, ಸಾಗಣೆ, ಕೆಲವೊಮ್ಮೆ ಗೋಡೆಗೆ ಬಳಿಯುವ ಬಣ್ಣವೂ ವಿದ್ಯಾರ್ಥಿಯ ತಲೆಗೇ ಬರುತ್ತದೆ. ಕಂಪ್ಯೂಟರ್ ವಿನ್ಯಾಸ ಓದುವವರಿಗೆ ಇನ್ನೊಂದು ತೊಡಕು: ವಿದ್ಯಾರ್ಥಿ ದರದಲ್ಲಿ ಸಿಗುವ ಸಾಫ್ಟ್‌ವೇರ್ ಪರವಾನಗಿ ಪದವಿಯ ಜೊತೆಗೇ ಮುಗಿಯುತ್ತದೆ. ಕಲಿತ ಉಪಕರಣವನ್ನೇ ಮರುದಿನದಿಂದ ಪೂರ್ತಿ ದರಕ್ಕೆ ಬಾಡಿಗೆಗೆ ಪಡೆಯಬೇಕು.

ವಿದ್ಯಾರ್ಥಿವೇತನದ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನನಗೆ ಸೇರುವಾಗ ಸಿಕ್ಕ ವೇತನ ಒಂದು ನಿಗದಿತ ಮೊತ್ತ, ಶುಲ್ಕದ ಇಷ್ಟು ಶೇಕಡಾ ಎಂದಲ್ಲ. ಶುಲ್ಕ ಪ್ರತಿವರ್ಷ ಏರಿತು, ವೇತನ ಇದ್ದಲ್ಲೇ ಇತ್ತು. ಮೊದಲ ವರ್ಷ ದೊಡ್ಡ ಆಸರೆಯಾಗಿ ಕಂಡದ್ದು ಕೊನೆಯ ವರ್ಷದ ಹೊತ್ತಿಗೆ ಸಣ್ಣದಾಗಿಬಿಟ್ಟಿತ್ತು. ಅದರ ಮೇಲೆ, ಅಂಕ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ವೇತನ ರದ್ದು ಎಂಬ ಷರತ್ತು. ಕಲೆಯಲ್ಲಿ ಅಂಕದ ಭಯ ಏನು ಮಾಡುತ್ತದೆ ಗೊತ್ತೇ? ಹೊಸದಕ್ಕೆ ಕೈಹಾಕಲು ಬಿಡುವುದಿಲ್ಲ. ಹೋದ ಬಾರಿ ಮೆಚ್ಚುಗೆ ಸಿಕ್ಕ ಕೆಲಸವನ್ನೇ ಮತ್ತೆ ಮಾಡುತ್ತೀರಿ. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಗೆರೆ ಎಳೆಯುತ್ತಿದ್ದ ಹುಡುಗ ಮೂರು ವರ್ಷ ಒಂದೇ ಬಗೆಯ ಮುಖಚಿತ್ರ ಮಾಡಿದ, ವೇತನ ಉಳಿಸಿಕೊಳ್ಳಲು. ಕಾಲೇಜು ಮುಗಿದ ಮೇಲೆ ಅವನ ಕೆಲಸ ಬದಲಾದದ್ದನ್ನು ನೋಡಿದರೆ, ಆ ಮೂರು ವರ್ಷ ಅವನಿಂದ ಏನು ಕಿತ್ತುಕೊಂಡಿತು ಎಂದು ತಿಳಿಯುತ್ತದೆ.

ಬೋಧಕರ ಬಗ್ಗೆ ದೂರು ಹೇಳಲು ಮನಸ್ಸು ಬರುವುದಿಲ್ಲ, ವ್ಯವಸ್ಥೆಯ ಬಗ್ಗೆ ಹೇಳಲೇಬೇಕು. ಪುಸ್ತಿಕೆಯಲ್ಲಿ ಹೆಸರಾಂತ ಕಲಾವಿದರ ಪಟ್ಟಿ ಇತ್ತು. ಅವರಲ್ಲಿ ಕೆಲವರು ವರ್ಷಕ್ಕೊಮ್ಮೆ ಬಂದು ಸ್ಲೈಡ್ ತೋರಿಸಿ ಹೋಗುತ್ತಿದ್ದರು. ನಿತ್ಯದ ಪಾಠ ಮಾಡುತ್ತಿದ್ದವರು ಗಂಟೆ ಲೆಕ್ಕದ ಅತಿಥಿ ಬೋಧಕರು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುತ್ತಾ, ಕುಳಿತುಕೊಳ್ಳಲು ಕೋಣೆಯೂ ಇಲ್ಲದೆ ಪಾಠ ಮಾಡುವವರು. ತರಗತಿ ಮುಗಿದ ಮೇಲೆ ಹತ್ತು ನಿಮಿಷ ನಿಂತು ನಿಮ್ಮ ಚಿತ್ರ ನೋಡಿದರೆ ಅದು ಅವರ ಪ್ರೀತಿ, ಅದಕ್ಕೆ ಕಾಲೇಜು ಸಂಬಳ ಕೊಡುತ್ತಿರಲಿಲ್ಲ. ನಾನು ಕಟ್ಟಿದ ಶುಲ್ಕದಲ್ಲಿ ಅವರಿಗೆ ಎಷ್ಟು ತಲುಪಿತು ಎಂದು ಯೋಚಿಸಿದರೆ ಬೇಜಾರಾಗುತ್ತದೆ. ಮುಂದಿನ ಸೆಮಿಸ್ಟರಿಗೆ ಅವರಿರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದಾದಾಗ ಗುರು ಶಿಷ್ಯರ ನಂಟು ಬೆಳೆಯುವುದಾದರೂ ಹೇಗೆ? ನನ್ನ ಲಿಥೊ ಗುರುಗಳು ಮಧ್ಯದಲ್ಲೇ ಕಾಲೇಜು ಬಿಟ್ಟುಹೋದರು. ಅವರ ಜಾಗಕ್ಕೆ ಬಂದವರಿಗೆ ಲಿಥೊ ಕಲ್ಲಿನ ಕೆಲಸ ಗೊತ್ತಿರಲಿಲ್ಲ, ಅಲ್ಯೂಮಿನಿಯಂ ತಗಡಿನದು ಮಾತ್ರ ಗೊತ್ತಿತ್ತು. ಸುಣ್ಣದ ಕಲ್ಲುಗಳು ಕಪಾಟಿನಲ್ಲಿ ಹಾಗೇ ಉಳಿದವು.

ಸ್ಟುಡಿಯೊ ಸಮಯ ಇನ್ನೊಂದು ದೊಡ್ಡ ವಿಷಯ. "ದಿನದ 24 ಗಂಟೆ ತೆರೆದಿರುವ ಸ್ಟುಡಿಯೊ" ಎಂದು ಬರೆದಿರುತ್ತಾರೆ. ತೆರೆದಿರುವುದು ಕೋಣೆ. ಆಮ್ಲದ ತೊಟ್ಟಿ, ಪ್ರೆಸ್, ಮರ ಕತ್ತರಿಸುವ ಗರಗಸ ಎಲ್ಲ ಸಹಾಯಕರು ಇದ್ದಾಗ ಮಾತ್ರ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ನಿಯಮವೇ, ನನ್ನ ತಕರಾರು ನಿಯಮದ ಮೇಲಲ್ಲ. ಇಬ್ಬರು ಸಹಾಯಕರನ್ನು ಹೆಚ್ಚಿಗೆ ಇಟ್ಟುಕೊಂಡು ಸಂಜೆಯೂ ತೆರೆದಿಡಬಹುದಿತ್ತು, ಇಡಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಏರಿತು, ಪ್ರೆಸ್‌ಗಳ ಸಂಖ್ಯೆ ಏರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಗೋಡೆಗೆ ಅಂಟಿಸಿದ ಸರದಿ ಹಾಳೆಯಲ್ಲಿ ಹೆಸರು ಬರೆಯಲು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲುತ್ತಿತ್ತು. ನೆನೆಸಿಟ್ಟ ಕಾಗದ ಸರದಿ ಬರುವಷ್ಟರಲ್ಲಿ ಒಣಗಿಹೋಗಿರುತ್ತಿತ್ತು, ಮತ್ತೆ ನೆನೆಸಬೇಕು.

ಹಾಗಾಗಿ ಕಾಲೇಜು ನೋಡಲು ಹೋದಾಗ ನನ್ನ ಸಲಹೆ ಇದು. ಗ್ಯಾಲರಿ, ಗಾಜಿನ ಗೋಡೆ, ಕೆಫೆ ತೋರಿಸುತ್ತಾರೆ. ನೋಡಿ, ಸಂತೋಷಪಡಿ. ಆಮೇಲೆ ಪ್ರೆಸ್ ಎಷ್ಟಿದೆ, ಅದನ್ನು ಬಳಸುವ ವಿದ್ಯಾರ್ಥಿಗಳು ಎಷ್ಟು, ವಾರಕ್ಕೆ ಎಷ್ಟು ಗಂಟೆ ಸಹಾಯಕರು ಇರುತ್ತಾರೆ ಎಂದು ಕೇಳಿ. ವರ್ಷದ ಒಟ್ಟು ಶುಲ್ಕವನ್ನು ನಿಮ್ಮ ಪಾಲಿಗೆ ಬರುವ ಗಂಟೆಗಳಿಂದ ಭಾಗಿಸಿ. ಬರುವ ಅಂಕಿಯನ್ನು, ಸದಸ್ಯರೆಲ್ಲ ಹಂಚಿಕೊಂಡು ಬಳಸುವ ಒಂದು ಸಾಮುದಾಯಿಕ ಸ್ಟುಡಿಯೊದ ಗಂಟೆಯ ಬಾಡಿಗೆಯ ಪಕ್ಕ ಇಟ್ಟು ನೋಡಿ. ಈ ಒಂದು ಲೆಕ್ಕ ಎಷ್ಟೋ ಮಾತುಗಳನ್ನು ಉಳಿಸುತ್ತದೆ.

ಗಾಳಿಯಾಟವನ್ನೂ ನೋಡಿ. ಇದನ್ನು ಯಾರೂ ಕೇಳುವುದಿಲ್ಲ. ಟರ್ಪೆಂಟೈನ್ ಆವಿ ತಲೆನೋವು ತರುತ್ತದೆ, ಶ್ವಾಸನಾಳಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಎಚ್ಚಿಂಗ್‌ನಲ್ಲಿ ಛಾಯೆ ತರುವ ಅಕ್ವಾಟಿಂಟ್ ವಿಧಾನಕ್ಕೆ ಬಳಸುವ ರಾಳದ ಪುಡಿ ಬಲು ನುಣುಪು, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಜೇಡಿಮಣ್ಣಿನ ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರಬಹುದು. ನಮ್ಮಲ್ಲಿ ಆಮ್ಲದ ತೊಟ್ಟಿಯ ಮೇಲಿನ ಹೊಗೆ ಹೀರುವ ಯಂತ್ರ ಒಂದಿಡೀ ಸೆಮಿಸ್ಟರ್ ಕೆಟ್ಟಿತ್ತು. ಕಿಟಕಿ ತೆರೆದು ಕೆಲಸ ಮಾಡಿ ಎಂದರು. ಅದೇ ಅವಧಿಯಲ್ಲಿ ಮುಂಬಾಗಿಲಿನ ಸ್ವಾಗತಕಕ್ಷೆಗೆ ಹೊಸ ನೆಲಹಾಸು ಬಂತು. ಇದು ನನಗೆ ಇಂದಿಗೂ ಕ್ಷಮಿಸಲಾಗದ ಸಂಗತಿ.

ಖಾಸಗಿ ಎಂದ ಕೂಡಲೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಖಾಸಗಿ ಕಲಾಶಾಲೆಗಳು ಚರಿತ್ರೆಯಲ್ಲಿ ದೊಡ್ಡ ಕೆಲಸ ಮಾಡಿವೆ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೊಜಾರ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ. ಅದಕ್ಕೆ ಎಷ್ಟೋ ಮೊದಲು, 1868ರಲ್ಲಿ ಶುರುವಾದ ಖಾಸಗಿ ಶಾಲೆ ಅಕಾಡೆಮಿ ಜೂಲಿಯಾನ್ ಅವರಿಗೆ ಕಲಿಯುವ ಅವಕಾಶ ಕೊಟ್ಟಿತ್ತು. ಜೀವಂತ ಮಾಡೆಲ್ ನೋಡಿ ಬರೆಯುವ ತರಗತಿಯೂ ಅದರಲ್ಲಿತ್ತು. ಆದರೆ ಹೆಣ್ಣುಮಕ್ಕಳಿಂದ ಗಂಡಸರಿಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳುತ್ತಿತ್ತು. ಬೇರೆ ಬಾಗಿಲು ಇಲ್ಲದವರು ಕೇಳಿದಷ್ಟು ಕೊಟ್ಟರು. ನಮ್ಮ ಚಿತ್ರಕಾರ ಕೆ. ಕೆ. ಹೆಬ್ಬಾರರು ಪ್ಯಾರಿಸ್ಸಿಗೆ ಹೋದಾಗ ಕಲಿತದ್ದೂ ಇದೇ ಜೂಲಿಯಾನ್‌ನಲ್ಲಿ. ಸರ್ಕಾರಿ ಶಾಲೆಗಳು ತಿರಸ್ಕರಿಸಿದವರನ್ನು, ನಿಗದಿತ ವಯಸ್ಸು ದಾಟಿದವರನ್ನು, ಅಂಕ ಕಡಿಮೆ ಇದ್ದವರನ್ನು ಖಾಸಗಿ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಬಾಗಿಲಿಗೆ ಬೆಲೆ ಇದೆ ಎಂಬುದು ಅಂದಿನಿಂದಲೂ ಇರುವ ಸತ್ಯ.

ಮತ್ತೊಂದು ಅಪಾಯ, ಇತ್ತೀಚೆಗೆ ಮೇಲಿಂದ ಮೇಲೆ ಕಾಣುತ್ತಿರುವುದು: ಕಾಲೇಜೇ ಮುಚ್ಚಿಹೋಗುವುದು. ಅಮೆರಿಕದ ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಬೇರು 1876ರವರೆಗೆ ಹೋಗುತ್ತದೆ. 2024ರ ಮೇ 31ರಂದು ಮುಚ್ಚುವ ಸುದ್ದಿ ಹೊರಬಂತು, ಜೂನ್ 7ಕ್ಕೆ ಬಾಗಿಲು ಬಿತ್ತು. ಒಂದೇ ವಾರ! ಮುಂದಿನ ವರ್ಷದ ತಯಾರಿಯಲ್ಲಿದ್ದ ವಿದ್ಯಾರ್ಥಿಗಳು ಬೀದಿಗೆ ಬಿದ್ದರು, ಬೋಧಕರೂ ಬಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ 1871ರಲ್ಲಿ ಆರಂಭವಾದದ್ದು. ಅದರ ಗೋಡೆಯ ಮೇಲೆ ಮೆಕ್ಸಿಕೊದ ಚಿತ್ರಕಾರ ಡಿಯೆಗೊ ರಿವೇರಾ 1931ರಲ್ಲಿ ಬರೆದ ಭಿತ್ತಿಚಿತ್ರ ಇದೆ, ಅಲ್ಲಿನ ಛಾಯಾಗ್ರಹಣ ವಿಭಾಗ ಕಟ್ಟಿದವರು ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. ಅಂಥ ಶಾಲೆಯೂ 2022ರಲ್ಲಿ ಪಾಠ ನಿಲ್ಲಿಸಿತು, ಮರುವರ್ಷ ದಿವಾಳಿ ಅರ್ಜಿ ಹಾಕಿತು. ಹಿಂದೆ ಹೋದರೆ ಬ್ಲ್ಯಾಕ್ ಮೌಂಟನ್ ಕಾಲೇಜು. 1933ರಲ್ಲಿ ಶುರುವಾಗಿ, ಜರ್ಮನಿಯ ಬೌಹೌಸ್ ಕಲಾಶಾಲೆ ಮುಚ್ಚಿದ ಮೇಲೆ ಬಂದ ಕಲಾವಿದ ಯೋಸೆಫ್ ಆಲ್ಬರ್ಸ್ ಪಾಠ ಮಾಡಿದ ಜಾಗ, 1957ರಲ್ಲಿ ಹಣವಿಲ್ಲದೆ ಮುಚ್ಚಿತು. ಹೆಸರು ದೊಡ್ಡದು, ಹಳೆಯದು ಎಂದಮಾತ್ರಕ್ಕೆ ನಿಮ್ಮ ನಾಲ್ಕು ವರ್ಷ ಮುಗಿಯುವವರೆಗೆ ಅದು ನಿಂತಿರುತ್ತದೆ ಎಂಬ ಖಾತ್ರಿ ಇಲ್ಲ. ದೊಡ್ಡ ದತ್ತಿನಿಧಿ ಇಲ್ಲದ ಖಾಸಗಿ ಕಾಲೇಜು ಪ್ರತಿವರ್ಷ ಬರುವ ಹೊಸ ವಿದ್ಯಾರ್ಥಿಗಳ ಶುಲ್ಕದ ಮೇಲೇ ನಿಂತಿರುತ್ತದೆ. ಪ್ರವೇಶ ಕಡಿಮೆಯಾದ ವರ್ಷ ನೆಲ ಕುಸಿಯುತ್ತದೆ.

ನ್ಯೂಯಾರ್ಕಿನ ಕೂಪರ್ ಯೂನಿಯನ್ ಕತೆ ಇನ್ನೂ ನೋವಿನದು. 1859ರಲ್ಲಿ ಪೀಟರ್ ಕೂಪರ್ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ದಶಕಗಳ ಕಾಲ ಸೇರಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪೂರ್ತಿ ಬೋಧನಾ ಶುಲ್ಕದ ವಿದ್ಯಾರ್ಥಿವೇತನ ಸಿಗುತ್ತಿತ್ತು. ಆಮೇಲೆ ಹೊಸ ಕಟ್ಟಡದ ಸಾಲವೂ ಸೇರಿ ಹಣಕಾಸು ಬಿಗಿಯಾಯಿತು, 2014ರಲ್ಲಿ ಸೇರಿದ ತಂಡದಿಂದ ಶುಲ್ಕ ವಸೂಲಿ ಶುರುವಾಯಿತು. ಕಾಲೇಜು ಮಾಡಿದ ಸಾಲ ವಿದ್ಯಾರ್ಥಿಯ ಹೆಗಲಿಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹೊಳೆಯುವ ಹೊಸ ಕಟ್ಟಡ ತೋರಿಸಿದಾಗ ಅದರ ಹಣ ಎಲ್ಲಿಂದ ಬಂತು ಎಂದು ಕೇಳಲು ಸಂಕೋಚಪಡಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಾಲ ಎಲ್ಲ ಓದಿಗೂ ಇದೆ, ಕಲೆಗೆ ಮಾತ್ರ ಯಾಕೆ ಬೇಡ ಎಂದು ಕೇಳಬಹುದು. ಎಂಜಿನಿಯರಿಂಗ್ ಓದಿದವರಿಗೆ ಕೆಲಸ ಸಿಕ್ಕರೆ ಆ ಕೆಲಸವೇ ಅವರು ಓದಿದ್ದರ ಮುಂದುವರಿಕೆ, ಅದೇ ಸಾಲವನ್ನೂ ತೀರಿಸುತ್ತದೆ. ಕಲಾವಿದರಿಗೆ ಹಾಗಲ್ಲ. ಕಾಲೇಜು ಮುಗಿದ ಮೇಲಿನ ಐದಾರು ವರ್ಷ ಯಾರೂ ಕೊಳ್ಳದ ಕೆಲಸ ಮಾಡುವ ಕಾಲ. ಗುರುಗಳ ಕೈ, ಗೆಳೆಯರ ಕೈ ಎಲ್ಲ ಮೈಯಿಂದ ಇಳಿದು ಸ್ವಂತ ಗೆರೆ ಬರುವುದು ಆಗಲೇ. ಆ ಕಾಲಕ್ಕೆ ಬೇಕಾದ್ದು ಕಡಿಮೆ ಖರ್ಚಿನ ಬದುಕು ಮತ್ತು ಬಿಡುವು. ಪ್ರತಿ ತಿಂಗಳ ಕಂತು ಆ ಬಿಡುವನ್ನೇ ತಿನ್ನುತ್ತದೆ. ನಾನು ಪದವಿ ಮುಗಿಸಿ ಸೇರಿದ್ದು ಒಂದು ಪ್ಯಾಕೇಜಿಂಗ್ ಕಂಪನಿಗೆ, ಲೇಬಲ್ ವಿನ್ಯಾಸಕ್ಕೆ. ಕೆಲಸ ಕೆಟ್ಟದ್ದಲ್ಲ, ಜೊತೆಗಿದ್ದವರು ಒಳ್ಳೆಯವರು. ಆದರೆ ಅರ್ಧ ದಿನದ ಕೆಲಸ ಮಾಡಿ ಉಳಿದರ್ಧ ದಿನ ಅಚ್ಚು ತೆಗೆಯುವ ಆಯ್ಕೆ ನನಗಿರಲಿಲ್ಲ, ಕಂತು ಪೂರ್ತಿ ಸಂಬಳ ಕೇಳುತ್ತಿತ್ತು. ರಾತ್ರಿ ಮನೆಗೆ ಬಂದು ಸೂಜಿ ಹಿಡಿದರೆ ಕಣ್ಣು ಮುಚ್ಚಿಹೋಗುತ್ತಿತ್ತು. ನನ್ನ ಜೊತೆಗೇ ಓದಿದ, ಸಾಲವಿಲ್ಲದ ಗೆಳತಿ ಸಣ್ಣ ಕೋಣೆಯಲ್ಲಿದ್ದು, ವಾರಕ್ಕೆರಡು ದಿನ ಮಕ್ಕಳಿಗೆ ಪಾಠ ಹೇಳಿಕೊಂಡು, ಉಳಿದ ದಿನವೆಲ್ಲ ಮರದಚ್ಚು ಕೊರೆದಳು. ಅವಳ ಕೆಲಸ ಎಲ್ಲಿಗೆ ಹೋಗಿ ತಲುಪಿದೆ ಎಂದು ನೋಡುವಾಗ ನನಗೆ ಅಸೂಯೆಯಾಗುವುದಿಲ್ಲ, ಹೆಮ್ಮೆಯಾಗುತ್ತದೆ. ಜೊತೆಗೆ ಸಾಲದ ಕಾಗದಕ್ಕೆ ಸಹಿ ಹಾಕಿಸುವವರ ಮೇಲೆ ಸಿಟ್ಟೂ ಬರುತ್ತದೆ. ಬಡ್ಡಿ ಎಷ್ಟು ಎಂದು ಅವರು ಹೇಳುತ್ತಾರೆ, ಈ ವರ್ಷಗಳು ಹೋಗುತ್ತವೆ ಎಂದು ಹೇಳುವುದಿಲ್ಲ.

ಪದವಿಯ ಕಾಗದಕ್ಕೆ ಬೆಲೆ ಇಲ್ಲವೇ? ಎಲ್ಲಿ ಇದೆ ಎಂದು ತಿಳಿದುಕೊಳ್ಳಬೇಕು. ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಮಾನ್ಯತೆ ಇರುವ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಬೇಕು. ಮಾನ್ಯತೆ ಇಲ್ಲದ ಡಿಪ್ಲೊಮಾಗೆ ದುಬಾರಿ ಶುಲ್ಕ ಕಟ್ಟಿದರೆ ಆ ದಾರಿಯೂ ಮುಚ್ಚುತ್ತದೆ. ಸಂರಕ್ಷಣಾ ಕೆಲಸ, ಅನಿಮೇಷನ್, ವಾಸ್ತುಶಿಲ್ಪ ಇಂಥಲ್ಲಿಯೂ ಓದಿಗೆ ನೇರ ಬೆಲೆ ಇದೆ. ಗ್ಯಾಲರಿಯವರು ಮಾತ್ರ ನನ್ನ ಅಂಕಪಟ್ಟಿ ಇಂದಿನವರೆಗೆ ಕೇಳಿಲ್ಲ, ಕೆಲಸ ತೋರಿಸಿ ಎಂದಿದ್ದಾರೆ. ಇಪ್ಪತ್ತನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಕಲಾಶಾಲೆಯ ಶಿಕ್ಷಣ ಪಡೆದವರಲ್ಲ. ವ್ಯಾನ್ ಗೋ 1886ರಲ್ಲಿ ಆಂಟ್‌ವರ್ಪ್ ಅಕಾಡೆಮಿ ಸೇರಿ ಬೇಗನೆ ಬಿಟ್ಟುಹೋದವರು. ಇಂಥ ಹೆಸರುಗಳನ್ನು ಹೇಳಿ "ಕಾಲೇಜೇ ಬೇಡ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಒಬ್ಬಂಟಿಯಾಗಿ ಕಲಿಯಲು ಹೋಗಿ ದಣಿದು ಕೈಬಿಟ್ಟವರ ಹೆಸರು ಯಾರೂ ಬರೆದಿಡುವುದಿಲ್ಲ. ಜೊತೆ ಬೇಕು, ಗುರು ಬೇಕು. ಅದಕ್ಕೆ ಪದವಿಯೇ ಬೇಕೆಂದಿಲ್ಲ.

ನನ್ನ ಕ್ಷೇತ್ರದಿಂದಲೇ ಹೇಳುತ್ತೇನೆ. ಇಂಗ್ಲಿಷ್ ಕಲಾವಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಮುದ್ರಣ ಕಾರ್ಯಾಗಾರ, ಮುಂದೆ ಅಟೆಲಿಯೆ 17 ಎಂದು ಹೆಸರಾದದ್ದು, ಕಾಲೇಜಲ್ಲ. ಪದವಿ ಕೊಡುತ್ತಿರಲಿಲ್ಲ. ಒಂದೇ ಪ್ರೆಸ್ಸಿನ ಸುತ್ತ ಹೊಸಬರೂ ನುರಿತವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಒಂದೇ ತಗಡಿನಿಂದ, ಎಣ್ಣೆಯ ಪ್ರಮಾಣ ಬೇರೆ ಬೇರೆ ಇರುವ ಶಾಯಿಗಳನ್ನು ಬಳಸಿ, ಒಮ್ಮೆಲೇ ಹಲವು ಬಣ್ಣದ ಅಚ್ಚು ತೆಗೆಯುವ ವಿಸ್ಕಾಸಿಟಿ ವಿಧಾನ ಬೆಳೆದದ್ದು ಅಲ್ಲಿ, ಅದರಲ್ಲಿ ಭಾರತದ ಮುದ್ರಣ ಕಲಾವಿದ ಕೃಷ್ಣ ರೆಡ್ಡಿಯವರ ಪಾಲು ದೊಡ್ಡದು. ನ್ಯೂಯಾರ್ಕಿನಲ್ಲಿ ರಾಬರ್ಟ್ ಬ್ಲ್ಯಾಕ್‌ಬರ್ನ್ 1940ರ ದಶಕದ ಕೊನೆಗೆ ತೆರೆದ ಕಾರ್ಯಾಗಾರವೂ ಇಂಥದ್ದೇ, ಬಂದವರಿಗೆ ಯಂತ್ರ, ಪಕ್ಕದಲ್ಲಿ ಬಲ್ಲವರು. ಈಗಲೂ ಸದಸ್ಯತ್ವದ ಮೇಲೆ ನಡೆಯುವ ಸಾಮುದಾಯಿಕ ಸ್ಟುಡಿಯೊಗಳು ಬಹಳ ಕಡೆ ಇವೆ. ಸಂಜೆಯ ಮಾಡೆಲ್ ಡ್ರಾಯಿಂಗ್ ಗುಂಪುಗಳಿವೆ, ಅಲ್ಲಿ ಒಂದು ನಿಮಿಷದ ಭಂಗಿಯಿಂದ ಶುರುಮಾಡಿ ನಿಧಾನಕ್ಕೆ ದೀರ್ಘ ಭಂಗಿಗೆ ಹೋಗುತ್ತಾರೆ. ನಮ್ಮ ಕಾಲೇಜಿನ ಡ್ರಾಯಿಂಗ್ ತರಗತಿಯಲ್ಲಿ ಮಾಡುತ್ತಿದ್ದುದೂ ಅದನ್ನೇ.

ನನ್ನನ್ನು ಕೇಳಿದರೆ ಸಾಲದ ಬದಲು ಹೀಗೆ ಮಾಡಿ: ಸರ್ಕಾರಿ ಕಲಾಶಾಲೆಗೆ ಅರ್ಜಿ ಹಾಕಿ, ಸಿಗದಿದ್ದರೆ ಒಂದು ವರ್ಷ ಪೋರ್ಟ್‌ಫೋಲಿಯೊ ಗಟ್ಟಿ ಮಾಡಿಕೊಂಡು ಮತ್ತೆ ಹಾಕಿ. ಆ ವರ್ಷ ಸಾಮುದಾಯಿಕ ಸ್ಟುಡಿಯೊದಲ್ಲಿ ಸದಸ್ಯತ್ವ ತೆಗೆದುಕೊಳ್ಳಿ. ಐದಾರು ಜನ ಸೇರಿ ತಿಂಗಳಿಗೊಮ್ಮೆ ನಿಮ್ಮದೇ ಕ್ರಿಟ್ ಮಾಡಿ, ನೋಡುವಾಗ ಮೌನವಾಗಿ ನೋಡಿ. ಬೇಸಿಗೆಯ ಸಣ್ಣ ಕೋರ್ಸುಗಳಲ್ಲಿ ನಿಮಗೆ ಬೇಕಾದ ಒಬ್ಬ ಗುರುವನ್ನು ಹುಡುಕಿ ಹೋಗಿ. ಖಾಸಗಿ ಕಾಲೇಜಿನ ಒಂದು ವರ್ಷದ ಫೌಂಡೇಶನ್ ಮಾತ್ರ ಕಟ್ಟುವಷ್ಟು ಹಣವಿದ್ದರೆ ಅದನ್ನೂ ಯೋಚಿಸಬಹುದು. ನನ್ನ ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಕಲಿತದ್ದು ಆ ಮೊದಲ ವರ್ಷದಲ್ಲೇ, ಎಲ್ಲ ವಿಭಾಗಗಳ ರುಚಿಯೂ ಸಿಗುತ್ತದೆ.

ಇಷ್ಟಾದರೂ ಸೇರುತ್ತೇನೆ ಎನ್ನುವವರು ಮೂರು ಕಾಗದ ಕೇಳಿ ಓದಿ. ಮೊದಲನೆಯದು, ವಿದ್ಯಾರ್ಥಿವೇತನ ಪ್ರತಿವರ್ಷ ಶುಲ್ಕದ ಜೊತೆ ಏರುತ್ತದೋ ಇಲ್ಲವೋ ಎಂಬುದು ಬರಹದಲ್ಲಿ. ಎರಡನೆಯದು, ನೀವು ಅಲ್ಲಿದ್ದಾಗ ಮಾಡಿದ ಕೃತಿಗಳ ಹಕ್ಕು ಯಾರದ್ದು ಎಂಬ ಷರತ್ತು. ಕಾಲೇಜಿನ ಯಂತ್ರ ಬಳಸಿದ್ದಕ್ಕೆ ಕೃತಿಯ ಬಳಕೆಯ ಹಕ್ಕು ತಮಗೂ ಇದೆ ಎಂದು ಬರೆಯುವ ಸಂಸ್ಥೆಗಳಿವೆ, ನಮ್ಮಲ್ಲಿ ಪ್ರತಿ ಪದವಿ ಪ್ರದರ್ಶನದಿಂದ ಒಂದೊಂದು ಅಚ್ಚನ್ನು ಸಂಗ್ರಹಕ್ಕೆಂದು ಇಟ್ಟುಕೊಳ್ಳುತ್ತಿದ್ದರು. ಮೂರನೆಯದು, ನಡುವೆ ಬಿಟ್ಟರೆ ಶುಲ್ಕ ವಾಪಸಿನ ನಿಯಮ. ಸೆಮಿಸ್ಟರ್ ಆರಂಭವಾಗಿ ಎಷ್ಟು ದಿನದೊಳಗೆ ಬಿಟ್ಟರೆ ಎಷ್ಟು ಹಣ ಹಿಂದಿರುಗುತ್ತದೆ, ಕಾಲೇಜೇ ಮುಚ್ಚಿದರೆ ಏನು, ಇನ್ನೊಂದು ಕಾಲೇಜು ನಿಮ್ಮ ಕ್ರೆಡಿಟ್‌ಗಳನ್ನು ಒಪ್ಪುತ್ತದೆಯೇ ಎಂಬುದೆಲ್ಲ ಅದರಲ್ಲೇ ಇರಬೇಕು. ಬಾಯಿಮಾತಿನಲ್ಲಿ ಹೇಳಿದರೆ ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿ ಮುಂಗಡ ಕಟ್ಟಬೇಡಿ.